ಭಾವನವರು ಕಲಿತ ಚೀನಾ ಮದ್ದು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಚೀನಾ ಮದ್ದು ಕಲಿತವರು. ಹಾಗೆಂದು ಸುಳ್ಯದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವರೇ ಹೇಳುತ್ತಿದ್ದರು. ಆ ವಿದ್ಯೆಯ ಮಹಿಮೆಯನ್ನು ಅಜ್ಜಾವರದ ಮನೆಯೊಳಗೆ ಕಣ್ಣಾರೆ ಕಂಡವಳು ನಾನು.

ಭಾವನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಆ ವರ್ಷ ಅವಳ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಬಾವಿಯ ಹಗ್ಗ ಎಳೆಯಲಾಗದು, ಸ್ವಂತ ಜಡೆ ಹಾಕಿಕೊಳ್ಳಲಾಗದು. ಊರಿನ ಉಳುಕು ತೆಗೆಯುವವಳು ಎಣ್ಣೆ ಹಾಕಿ ತಿರುಚಿ ಇದ್ದ ನೋವನ್ನು ಇಮ್ಮಡಿ ಮಾಡಿ ಹೋಗಿದ್ದಳು. ಮಕ್ಕಳಾಗದವಳು ಬೇರೆ. "ದೀಪಾವಳಿಯೊಳಗೆ ಕೈ ಸರಿ ಆಗದಿದ್ರೆ ಪೆರಾಬೆಗೆ ಕಳಿಸುದೇ. ಕೂರಿಸಿ ಸಾಕ್ಲಿಕ್ಕೆ ಇಲ್ಲಿ ಎಂತ ಉಂಟು?" ಎಂದು ಅತ್ತೆ ಅವಳ ಎದುರಿಗೇ ಹೇಳಿದರು. ಪೆರಾಬೆ ಅಕ್ಕನ ತವರು. ಭಾವನವರು ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡರು.

ಆಗ ಪುತ್ತೂರು ಪೇಟೆಯ ಒಂದು ಅಂಗಡಿಯ ಮಾಳಿಗೆಯಲ್ಲಿ ಮಲಯ ದೇಶದಿಂದ ಮರಳಿದವರೊಬ್ಬರಿದ್ದರು. ಅಲ್ಲಿ ಚೀನೀಯರ ಹತ್ತಿರ ಮದ್ದು ಕಲಿತದ್ದಂತೆ. ಎಣ್ಣೆಯಿಲ್ಲ, ಕಷಾಯವಿಲ್ಲ, ಮೈಯ ಕೆಲವು ಜಾಗಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದರೆ ಒಳಗೆ ಏರುಪೇರಾದ ಬಿಸಿ, ತಂಪು ಸಮಕ್ಕೆ ಬರುತ್ತದೆಂದು ಅವರ ವಾದ. ಆದರೆ ನಮ್ಮ ಮನೆಯ ಹೆಂಗಸನ್ನು ಪರಗಂಡಸು ಮುಟ್ಟುವುದುಂಟೇ? ಹಾಗಾಗಿ ಭಾವನವರೇ ಸೋಮವಾರದ ಸಂತೆಗೆ ಹೋದಾಗಲೆಲ್ಲ ಅಲ್ಲಿ ಚಾಪೆಯ ಮೇಲೆ ಮಲಗಿ, ತಮ್ಮ ಮೈಗೆ ಒತ್ತಿಸಿಕೊಂಡು ಕಲಿತು ಬಂದು, ಮನೆಯಲ್ಲಿ ಹೆಂಡತಿಗೆ ಒತ್ತುವುದೆಂದು ಏರ್ಪಾಡಾಯಿತು.

ಕಲಿತರು. ವಾರ ವಾರವೂ ಮುಖ ಫಳಫಳ ಮಾಡಿಕೊಂಡು ಬಂದರು. ಅವರ ಅಜೀರ್ಣ ಹೋಯಿತು, ತಲೆನೋವು ಹೋಯಿತು, ಗೊರಕೆ ಮಾತ್ರ ಉಳಿಯಿತು. ಅಕ್ಕನ ಭುಜಕ್ಕೆ ಒಂದು ಬೆರಳನ್ನಾದರೂ ತಾಗಿಸಿದರೋ? ಇಲ್ಲ. ಕೊನೆಗೆ ನಾನೇ ನಾಚಿಕೆ ಬಿಟ್ಟು, ಬಾಗಿಲ ಮರೆಯಲ್ಲಿ ನಿಂತು, ಅಕ್ಕನಿಗೆ ಒತ್ತುವುದು ಯಾವಾಗ ಎಂದು ಕೇಳಿದೆ.

"ಅಮ್ಮ ಇರುವ ಮನೆಯಲ್ಲಿ ಹೆಂಡತಿಯ ಸೇವೆ ಮಾಡುದಾ?" ಎಂದರು ಆ ಮಹಾನುಭಾವರು. "ಗಂಡನ ಮೈ ಸಮ ಆದ್ರೆ ಹೆಂಡತಿಯದ್ದು ತನ್ನಷ್ಟಕ್ಕೆ ಆಗ್ತದೆ."

ಥೂ. ಹೇಡಿತನಕ್ಕೆ ಶಾಸ್ತ್ರದ ಅಂಗಿ ತೊಡಿಸುವುದರಲ್ಲಿ ಈ ಗಂಡಸರನ್ನು ಮೀರಿಸಿದವರಿಲ್ಲ.

ಆದರೆ ಜಂಬ ಕೊಚ್ಚಲು ಅವರು ಸದಾ ತಯಾರು. ನನ್ನ ಗಂಡನನ್ನು ಮುಂದೆ ತಳ್ಳಿ, "ಅಣ್ಣ, ನನಗೂ ಭುಜ ಸೆಳೀತದೆ" ಎಂದು ಹೇಳಿಸಿದೆ. ಭಾವನವರು ತಮ್ಮನನ್ನು ಜಗಲಿಯಲ್ಲಿ ಮಲಗಿಸಿ ಊರಿಗೆಲ್ಲ ಕಾಣುವ ಹಾಗೆ ಒತ್ತಿದ್ದೇ ಒತ್ತಿದ್ದು. ಅದನ್ನು ನನ್ನ ಗಂಡ ಅಡುಗೆಮನೆಗೆ ಬಂದು ನನ್ನ ಭುಜದ ಮೇಲೆ ತೋರಿಸಿಕೊಟ್ಟರು, ಅಮ್ಮ ಬಂದಾಳೆಂದು ಬಾಗಿಲು ನೋಡುತ್ತ ನೋಡುತ್ತ. ಅವರೂ ಅದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಆಮೇಲೆ ದಿನಾ ಬೆಳಿಗ್ಗೆ ಬಚ್ಚಲುಮನೆಯಲ್ಲಿ ನಾನೇ ಅಕ್ಕನಿಗೆ ಒತ್ತತೊಡಗಿದೆ. ಬಸಳೆಯ ಎಳೆ ಕುಡಿ ಹಿಡಿದ ಹಾಗೆ ಹಿಡಿದೆ. ಮೊದಲ ದಿನವೇ ಅವಳು ಅತ್ತಳು.

"ನೋವಾಗ್ತದಾ ಅಕ್ಕ?"

"ಇಲ್ಲ. ಈ ಮನೆಗೆ ಬಂದ ಮೇಲೆ ನನ್ನನ್ನು ಇಷ್ಟು ಮೆಲ್ಲಗೆ ಯಾರೂ ಮುಟ್ಟಿದ್ದಿಲ್ಲ."

ಗುಣವಾದದ್ದು ಚೀನಾದ ವಿದ್ಯೆಯಿಂದಲೋ ಹಂಡೆಯ ಬಿಸಿನೀರಿನಿಂದಲೋ ನಾನರಿಯೆ, ಅಂತೂ ದೀಪಾವಳಿಯ ಹೊತ್ತಿಗೆ ಅವಳು ಬಾವಿಯಿಂದ ನೀರು ಸೇದಿದಳು. "ನಾನು ಹೇಳ್ಲಿಲ್ವಾ?" ಎಂದು ಭಾವನವರು ಬಂದವರೆದುರು ಬೀಗಿದರು.

ಅಷ್ಟರಲ್ಲಿ ಅತ್ತೆ ಮೊದಲೇ ಪೆರಾಬೆಗೆ ಹೇಳಿಕಳಿಸಿದ್ದರಿಂದ ಅಕ್ಕನ ಅಣ್ಣ ಬಾಡಿಗೆ ಜೀಪಿನಲ್ಲಿ ಬಂದಿಳಿದರು. ಅತ್ತೆಯ ಬಾಯಲ್ಲಿ ಆಗ ಬೆಲ್ಲ. "ಇನ್ನು ಕರ್ಕೊಂಡು ಹೋಗುದು ಬೇಡ, ಊಟ ಮಾಡಿ ಹೋಗಿ" ಎಂದರು. ಅಕ್ಕ ತನ್ನ ಟ್ರಂಕನ್ನು ಆಗಲೇ ಜಗಲಿಗೆ ತಂದಿಟ್ಟಿದ್ದಳು.

"ಕೈ ಸರಿ ಆಯ್ತಲ್ಲ ಮಾರಾಯ್ತಿ, ಇನ್ನು ಹೋಗುದು ಯಾಕೆ?" ಎಂದರು ಭಾವನವರು.

"ಸರಿ ಆದ ಕಾರಣವೇ ಹೋಗುದು. ಅಲ್ಲಿ ದುಡಿದು ತಿನ್ನಬಹುದು."

ಅಣ್ಣ ಕೈಚಾಚಿದರೂ ಕೊಡದೆ, ಟ್ರಂಕನ್ನು ಬಲಗೈಯಲ್ಲಿ ತಾನೇ ಎತ್ತಿ ಜೀಪಿನೊಳಗೆ ಇಟ್ಟಳು.