ಚಾಚಾನ ಮನೆಯಲ್ಲಿ ತೀರಿಕೊಂಡವರು

ಮೊನ್ನೆ ತಳಕಲ್ಲಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿ ಕೂತಿದ್ದೆ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುವಷ್ಟರಲ್ಲಿ ಮೊಬೈಲ್ ಟಿಣ್ ಎಂದಿತು. ಹಳೆಯ ಗೆಳತಿಯರ ಗ್ರೂಪು. ಬೆಳಗಾದರೆ ಗುಲಾಬಿ ಹೂವು, ಸಂಜೆಯಾದರೆ ಹೊಸ ಸೀರೆ, ಇಷ್ಟು ಬಿಟ್ಟರೆ ಅಲ್ಲಿ ಬೇರೇನೂ ಬರುವುದಿಲ್ಲ. ಅವತ್ತು ಒಂದು ಮುಖ ಬಂದಿತ್ತು. ದಪ್ಪ ಕನ್ನಡಕ, ನಗಲೋ ಬೇಡವೋ ಎಂದು ಯೋಚಿಸುತ್ತಿರುವಂಥ ತುಟಿ. ಕೆಳಗೆ ‘ಹಿರಿಯ ಕಿರುತೆರೆ ನಟ ಇನ್ನಿಲ್ಲ’ ಎಂಬ ಸಾಲು.

ಹರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿದ್ದ ಗಣಿತದ ಟೀಚರ್ ನೋಡಿದರು.

“ಯಾಕ್ರಿ ಟೀಚರ್, ಮಾರಿ ಹಿಂಗ್ಯಾಕ ಆತು? ಯಾರರೆ ಹೋದ್ರೇನ್ರಿ?”

“ಹೂನ್ರಿ.”

“ಹತ್ತಿರದವ್ರೇನು?”

“ಇಲ್ರಿ. ಯಾರೂ ಅಲ್ಲ.”

ಅಂದದ್ದೇ ತಡ, ಡಬ್ಬಿ ಮುಚ್ಚಿಬಿಟ್ಟೆ. ಯಾರೂ ಅಲ್ಲ ಎಂದೆನಲ್ಲ! ತಲೆನೋವೆಂದು ಸುಳ್ಳು ಹೇಳಿ ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ಸುಳ್ಳು ಹೇಳಬಾರದೆಂದು ಅದೇ ಬೆಳಿಗ್ಗೆ ಐದನೇ ತರಗತಿಗೆ ಪಾಠ ಮಾಡಿದವಳು ನಾನು. ಆದರೆ ನೀವೇ ಹೇಳಿ, ಒಮ್ಮೆಯೂ ಎದುರಿಗೆ ಕಾಣದ, ನನ್ನ ಹೆಸರೇ ಗೊತ್ತಿಲ್ಲದ ಮನುಷ್ಯ ಸತ್ತರೆಂದು ಯಾವ ಕಾಗದದಲ್ಲಿ ಬರೆದು ರಜೆ ಕೇಳುವುದು?

ಅವರ ಹೆಸರು ನಮ್ಮ ಓಣಿಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಧಾರಾವಾಹಿಯಲ್ಲಿ ಅವರು ಕಚೇರಿಯ ಗುಮಾಸ್ತ. ಹಾಗಾಗಿ ನಮಗೂ ಗುಮಾಸ್ತರು. ಭಾಗ್ಯನಗರದ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಕೈಮಗ್ಗವಿತ್ತು, ಇಡೀ ಓಣಿಗೆ ಒಂದೇ ಟೀವಿ. ಅದು ಹುಸೇನಸಾಬ್ ಚಾಚಾನ ಮನೆಯಲ್ಲಿತ್ತು. ಚಾಚಾ ಟೇಲರು. ವಾರಕ್ಕೊಂದು ಸಂಜೆ ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತರಿಸಿ, ಚಾಪೆ ಹಾಸಿ, ಬಾಗಿಲು ತೆರೆದಿಡುತ್ತಿದ್ದ. ನಾವು ಮಕ್ಕಳು ಮುಂದೆ, ಹೆಂಗಸರು ಹಿಂದೆ, ಅವ್ವ ಮಾತ್ರ ನನ್ನ ಪಕ್ಕದಲ್ಲಿ, ಗಂಡಸರು ‘ನಮಗೇನು ಅದರ ಹುಚ್ಚಿಲ್ಲ’ ಎನ್ನುವ ಹಾಗೆ ಕಿಟಕಿಯಾಚೆ.

ಧಾರಾವಾಹಿಯಲ್ಲಿ ಹೇಳಿಕೊಳ್ಳುವಂಥ ಕಥೆಯೇನೂ ಇರಲಿಲ್ಲ. ಗುಮಾಸ್ತರು ಸಂಜೆ ಮನೆಗೆ ಬರುತ್ತಿದ್ದರು, ಚಪ್ಪಲಿ ಬಿಡುತ್ತಿದ್ದರು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇವತ್ತು ಏನೇನು ನೋಡಿದೆ ಮಗೂ?” ಎಂದು ಕೇಳುತ್ತಿದ್ದರು. ಮಗಳು ಏನೇ ಹೇಳಲಿ, ಇರುವೆ ಸಾಲು ಕಂಡೆ ಎಂದರೂ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ.

ನನ್ನಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಗೋಡೆಯ ಮೇಲಿನ ಫೋಟೋ ಬಿಟ್ಟರೆ ಅಪ್ಪ ಎನ್ನುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗುಮಾಸ್ತರನ್ನು ನೋಡಿ ಗೊತ್ತಾಯಿತು. ಅವರು ಮಗಳನ್ನು ಕೇಳಿದಾಗ ಚಾಪೆಯ ಮೇಲೆ ಕೂತ ನಾನೂ ತುಟಿಯೊಳಗೆ ಉತ್ತರ ಹೇಳುತ್ತಿದ್ದೆ. ಅವರಿಗೆ ಹೇಳಲೆಂದೇ ವಾರವಿಡೀ ಕಣ್ಣುಬಿಟ್ಟು ಊರು ನೋಡುತ್ತಿದ್ದೆ: ಬಣ್ಣ ಹಾಕಿ ಒಣಗಲು ಬಿಟ್ಟ ನೂಲು, ಕೊಪ್ಪಳದ ಕೋಟೆಯ ಮೇಲೆ ನಿಂತ ಮೋಡ, ಗಂಗಾವತಿ ಕಡೆಯಿಂದ ಭತ್ತದ ಹೊಟ್ಟು ಹಾರಿಸುತ್ತ ಬಂದ ಲಾರಿ. ನಾನು ಟೀಚರಾಗಲು, ಮಕ್ಕಳ ಹರಟೆಯನ್ನು ಇವತ್ತಿಗೂ ಬೇಸರವಿಲ್ಲದೆ ಕೇಳಲು ಅದೇ ಕಾರಣವೆಂದು ನನ್ನ ನಂಬಿಕೆ. ಅವರ ಭಾಷೆಯೂ ನಾಲಿಗೆಗೆ ಅಂಟಿತ್ತು. ಒಮ್ಮೆ ಅವ್ವನಿಗೆ “ಊಟಕ್ಕೆ ಬಡಿಸಿಬಿಡು” ಎಂದೆ. “ಏನವಾ ಮೈಸೂರು ಮಹಾರಾಣಿ, ಕೈ ತೊಳಕೊಂಡು ಬಾ” ಎಂದಳು.

ಒಂದು ಸಂಜೆ ಗುಮಾಸ್ತರು ಸತ್ತೇಹೋದರು. ಎದೆನೋವು ಎಂದರು, ಆರಾಮ ಕುರ್ಚಿಯಲ್ಲಿ ಕೂತರು, ತಲೆ ವಾಲಿತು. ನಾನು ಅಳುವುದಕ್ಕೂ ಹೆದರಿ ಫ್ರಾಕಿನ ಅಂಚು ಕಚ್ಚಿಕೊಂಡೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಬುತ್ತಿ ಕಟ್ಟಿಕೊಂಡು ಹೋಗಿ ಉಣಿಸಿ ಬರುತ್ತಾರೆ. ಮರುದಿನ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಈರಮ್ಮಜ್ಜಿ ಮಗ್ಗ ನಿಲ್ಲಿಸಿ, ಹದಿನೈದು ಇಪ್ಪತ್ತು ರೊಟ್ಟಿ ಬಡಿದು, ಕಡಲೆಹಿಟ್ಟಿನ ಜುಣಕ ಮಾಡಿ, ಬುಟ್ಟಿ ಹೊತ್ತು ಚಾಚಾನ ಮನೆಗೆ ನಡೆದಳು. ನಾನು ಹಿಂದೆಯೇ ಓಡಿದೆ.

“ಅಜ್ಜೀ, ಏನಿದು?” ಎಂದ ಚಾಚಾ.

“ಬುತ್ತಿ. ನಿಮ್ಮ ಮನ್ಯಾಗ ಸಾವಾಗೈತಿ, ಒಲಿ ಹಚ್ಚಬಾರ್ದು.”

“ನಮ್ಮ ಮನ್ಯಾಗ ಎಲ್ಲಾರೂ ಛಲೋ ಅದಾರಲ್ಲಬೇ!”

“ಮತ್ತ ಗುಮಾಸ್ತರು ಯಾರ ಮನ್ಯಾಗ ಸತ್ತಾರ? ನನ್ನ ಮನ್ಯಾಗೇನು? ನನ್ನ ಕಣ್ಣಿಲೆ ನೋಡೀನಿ, ನಿನ್ನ ಮನ್ಯಾಗ ಸತ್ತಾರ.”

ಬೇರೆ ಯಾರೇ ಆಗಿದ್ದರೂ ನಕ್ಕು ಕಳಿಸುತ್ತಿದ್ದರು. ಚಾಚಾ ಅಜ್ಜಿಯ ಮುಖ ನೋಡಿದ, ಅವಳ ಸೆರಗಿನ ಹಿಂದೆ ಅತ್ತು ಕಣ್ಣು ಊದಿಸಿಕೊಂಡು ನಿಂತ ನನ್ನನ್ನು ನೋಡಿದ. ಆಮೇಲೆ ಎರಡೂ ಕೈಚಾಚಿ ಬುಟ್ಟಿ ಇಳಿಸಿಕೊಂಡು, ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: “ಇವತ್ತು ಒಲಿ ಹಚ್ಚಬ್ಯಾಡ. ಅಜ್ಜಿ ಬುತ್ತಿ ತಂದಾಳ.” ಎಲ್ಲರೂ ಟೀವಿಯ ಮುಂದೆ ಕೂತು ಉಂಡೆವು. ಚಾಚಾ ನನ್ನ ಕೈಗೆ ಮೊದಲ ರೊಟ್ಟಿ ಕೊಟ್ಟ. ನನ್ನ ಒಳಗಿನದು ಅವನಿಗೆ ಎಷ್ಟು ತಿಳಿದಿತ್ತೋ ಕಾಣೆ, ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವನೂ ಇಲ್ಲ.

ತಿಂಗಳಾಗುವುದರೊಳಗೆ ಗುಮಾಸ್ತರು ಬೇರೊಂದು ಧಾರಾವಾಹಿಯಲ್ಲಿ, ಮೀಸೆ ಹಚ್ಚಿಕೊಂಡು, ವಕೀಲರಾಗಿ ಬಂದುಬಿಟ್ಟರು. ಈರಮ್ಮಜ್ಜಿ ಕೆಂಡವಾದಳು. “ನೋಡ್ರಿ ಇವನ್ನ! ನನ್ನ ರೊಟ್ಟಿ ಖರ್ಚು ಮಾಡ್ಸಿ ಎದ್ದು ಕುಂತಾನ!” ಎಂದು ಬೈದು, ಮುಂದಿನ ವಾರ ಎಲ್ಲರಿಗಿಂತ ಮೊದಲೇ ಬಂದು ಜಾಗ ಹಿಡಿದಳು. ಓಣಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಹೋದ ಅಪ್ಪ ತಿರುಗಿ ಬಂದದ್ದನ್ನು ಎಷ್ಟು ಮಕ್ಕಳು ಕಂಡಿದ್ದಾರೆ? ನಾನು ಕಂಡೆ. ಆ ಸಂತೋಷಕ್ಕೆ ನಾನು ಅವರಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಇದನ್ನೆಲ್ಲ ಅವ್ವನಿಗೆ ನಾನು ಹೇಳಿದ್ದೇ ಇಲ್ಲ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯ್ದು ನನ್ನನ್ನು ಸಾಕಿದವಳು. ‘ಯವ್ವಾ, ನಾನು ಟೀವಿಯೊಳಗಿನವರನ್ನು ಅಪ್ಪ ಮಾಡಿಕೊಂಡೀನಿ’ ಎಂದು ಯಾವ ಬಾಯಿಂದ ಹೇಳಲಿ? ಗೋಡೆಯ ಮೇಲಿರುವವನಿಗೂ ಅವಳಿಗೂ ಒಟ್ಟಿಗೇ ಮೋಸ ಮಾಡಿದ ಹಾಗೆ ಅನಿಸುತ್ತಿತ್ತು. ಮೂವತ್ತೈದು ವರ್ಷ ಮುಚ್ಚಿಟ್ಟೆ.

ಮೊನ್ನೆ ಮನೆ ಮುಟ್ಟಿದಾಗ ಅವ್ವ ಹೊಸ್ತಿಲ ಹತ್ತಿರ ಪುಂಡಿಪಲ್ಲೆ ಸೊಪ್ಪು ಸೋಸುತ್ತಿದ್ದಳು. ಮೊಬೈಲನ್ನು ಅವಳ ಮುಂದೆ ಹಿಡಿದೆ.

“ಯವ್ವಾ, ಇವ್ರು ತೀರ್ಕೊಂಡ್ರು.”

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. “ಯಾರಿವ್ರು?”

“ಗುಮಾಸ್ತರಬೇ! ವಾರಾ ವಾರಾ ನನ್ನ ಬಾಜೂಕ ಕುಂತು ನೋಡ್ತಿದ್ದಿಯಲ್ಲ, ಗುರ್ತು ಸಿಗವಲ್ದೇನು?”

“ನಾ ಎಲ್ಲಿ ಟೀವಿ ನೋಡ್ತಿದ್ನಿ? ನಿನ್ನ ಮಾರಿ ನೋಡ್ತಿದ್ನಿ,” ಎಂದಳು ಅವ್ವ, ಸೊಪ್ಪಿನ ದಂಟು ಮುರಿಯುತ್ತಲೇ. “ಅಂವ ಮಾತಾಡ್ಸಿದ್ರ ನೀ ಬಾಯಾಗ ಗುಣುಗುಣು ಅಂತಿದ್ದಿ. ನಿಮ್ಮಪ್ಪ ಹೋದ ಮ್ಯಾಲ ವರ್ಷಾನುಗಟ್ಲೆ ನೀ ಮಾತಾ ಆಡಿದ್ದಿಲ್ಲ. ಅಲ್ಲಿ ಕುಂತ ಮ್ಯಾಲ ಆಡಾಕ ಹತ್ತಿದಿ. ಯಾರರೆ ಆಗಲಿ, ನನ್ನ ಮಗಳನ್ನ ಮಾತಾಡ್ಸಿದ್ನಲ್ಲ, ಅಷ್ಟ ಸಾಕು ಅಂದ್ಕೊಂಡಿದ್ನಿ.”

ನಾನು ಅಲ್ಲೇ ಕೂತು, ಮಧ್ಯಾಹ್ನದಿಂದ ತಡೆದದ್ದನ್ನೆಲ್ಲ ಅತ್ತೆ. “ಸಾಲ್ಯಾಗ ಕೇಳಿದ್ರು, ಯಾರೂ ಅಲ್ಲ ಅಂದೆ ಯವ್ವಾ,” ಎಂದೆ.

ಅವ್ವ ಸೊಪ್ಪು ಕೆಳಗಿಟ್ಟು, ಗೋಡೆಯ ಮೇಲಿನ ಫೋಟೋ ಒಮ್ಮೆ ನೋಡಿದಳು. ನನ್ನ ತಲೆಯ ಮೇಲೆ ಕೈಯಿಟ್ಟಳು.

“ಸಾವಿನ ಸುದ್ದಿ ಕೇಳಿ ಹಿಂಗ ಕುಂದರಬಾರ್ದವಾ. ಮನಿಯವ್ರು ಹೋದ್ರ ತಲಿ ಮ್ಯಾಲ ನೀರು ಹಾಕ್ಕೋಬೇಕು. ಏಳು, ಹಾಕ್ಕೊಂಡು ಬಾ.”

ಬಚ್ಚಲಿಗೆ ಹೋದೆ. ತಂಬಿಗೆ ತುಂಬಿ ತಲೆಯ ಮೇಲೆ ಸುರಿದುಕೊಳ್ಳುತ್ತ, ಅವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಅಪ್ಪಾ” ಎಂದೆ.