ಮೂರು ಊರುಗಳ ಒಂದು ಮೋರಿ

ಭಾಲ್ಕಿ ರಸ್ತೆಯ ಮೋರಿ, ಅಂದರೆ ಕಿರುಸೇತುವೆ, ಅಗಲವಾದದ್ದು ಒಬ್ಬ ಅಧಿಕಾರಿಯ ದೂರದೃಷ್ಟಿಯಿಂದ ಎಂದು ಬೀದರಿನಲ್ಲಿ ಹೇಳುತ್ತಾರೆ. ಅವರು ದಕ್ಷರು, ತಕರಾರಿಲ್ಲ. ಆದರೆ ಅವರು ಮೊದಲು ಮಾಡಹೊರಟದ್ದು ಮೋರಿಯ ಕೆಲಸವಲ್ಲ, ಒಬ್ಬ ಡ್ರೈವರನ ಲೈಸೆನ್ಸ್ ಕಿತ್ತುಕೊಳ್ಳುವ ಕೆಲಸ.

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷವಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳ ಹೊರತು ನನಗೆ ಹೇಳಿಕೊಳ್ಳುವ ಅರ್ಹತೆ ಇರಲಿಲ್ಲ. ಉರ್ದು ಬರುತ್ತಿತ್ತು, ಹಾಗಾಗಿ ಬೀದರಿನ ಒಂದು ಸರಕಾರಿ ಕಚೇರಿಯಲ್ಲಿ ತರ್ಜುಮೆ ಗುಮಾಸ್ತನಾದೆ. ಹಳೆಯ ಅಪಘಾತ ರಿಜಿಸ್ಟರುಗಳನ್ನು ಇಂಗ್ಲಿಷಿಗೆ ಇಳಿಸುವುದು ನನ್ನ ಪಾಲಿನ ಕೆಲಸ. ರಿಜಿಸ್ಟರಿನಲ್ಲಿ ಊರಿಗೊಂದು ಪುಟ. ಕೊನೆಯ ಕಾಲಂ ‘ವಜಹ್’, ಅಂದರೆ ಕಾರಣ. ಅಲ್ಲಿ ಪುಟದಿಂದ ಪುಟಕ್ಕೆ ಒಂದೇ ಪದ: ಗಫಲತ್, ಅಲಕ್ಷ್ಯ. ರಸ್ತೆಯನ್ನು ಅಲಕ್ಷ್ಯದ ಆರೋಪಿ ಮಾಡಲು ಬರುವುದಿಲ್ಲವಲ್ಲ, ತಪ್ಪು ಯಾವಾಗಲೂ ಮನುಷ್ಯನದೇ.

ಖಾಜಾಮಿಯಾ ಎಂಬ ಬಸ್ ಡ್ರೈವರನ ಹೆಸರು ಮೂರು ಊರುಗಳ ಪುಟಗಳಲ್ಲಿತ್ತು. ಮೂರನೆಯ ಅಪಘಾತದಲ್ಲಿ ಔರಾದ ಕಡೆಯ ಬಂಡಿಯವನೊಬ್ಬ ಸತ್ತಿದ್ದ. ಮೂರು ಕಡೆ ಗುದ್ದಿದವನಿಗೆ ಲೈಸೆನ್ಸ್ ಯಾಕೆ ಎಂಬುದು ಆ ಅಧಿಕಾರಿಯ, ಅಂದರೆ ನಮ್ಮ ಸಾಹೇಬರ, ವಾದ. ಹೇಳಿಕೆ ಬರೆದುಕೊಳ್ಳಲು ನಾನು ಅವನನ್ನು ಕರೆಸಿದೆ.

“ಬಡದೀನ್ರಿ, ಸುಳ್ಳ್ಯಾಕ ಹೇಳಲಿ? ಆದ್ರ ಮೂರು ಕಡಿ ಅಲ್ಲರಿ ಬಾಬು, ಮೂರೂ ಅದಽ ಮೋರಿ ಮ್ಯಾಲ.”

“ರಿಜಿಸ್ಟರ್‌ನಾಗ ಮೂರು ಊರು ಅದಾವಲ್ಲ?”

“ಮೋರಿ ನಿಮ್ಮ ರಿಜಿಸ್ಟರ್ ಓದಿಲ್ಲರಿ,” ಎಂದ.

ಮಾತು ಚೆನ್ನಾಗಿತ್ತು, ಹಾಗೆಂದೇ ನಾನು ನಂಬಲಿಲ್ಲ. ಆ ರಸ್ತೆಯಲ್ಲಿ ಗುದ್ದಿದ್ದ ಬೇರೆ ಡ್ರೈವರುಗಳನ್ನು ಒಬ್ಬೊಬ್ಬರಾಗಿ, ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಬೀಳದಂತೆ ಕೇಳಿದೆ. ಆರು ಜನರಲ್ಲಿ ಐವರು ಅದೇ ಮೋರಿ ಎಂದರು. ಇನ್ನೂ ಒಂದು ಪ್ರಶ್ನೆ ಉಳಿಯಿತು. ಅವರ ಹೆಸರು ಒಂದೊಂದು ಸಲ, ಇವನದು ಮೂರು ಸಲ, ಯಾಕೆ? ಅವರು ವಾರಕ್ಕೊಮ್ಮೆ ಆ ಮೋರಿ ದಾಟುತ್ತಿದ್ದರು. ಖಾಜಾಮಿಯಾ ದಿನಕ್ಕೆರಡು ಸಲ. ಹಾಗಾದರೆ ಕೆಟ್ಟ ಡ್ರೈವರ್ ಯಾರು?

ಭಾಲ್ಕಿ ಬಸ್ಸು ಹತ್ತಿ ಹೋಗಿ ನೋಡಿದೆ. ಇಳಿಜಾರು, ಅದರ ಬುಡದಲ್ಲಿ ಒಂದೇ ಬಂಡಿ ಹಿಡಿಯುವಷ್ಟು ಅಗಲದ ಮೋರಿ. ಹತ್ತಿರ ಬರುವತನಕ ಅದನ್ನು ಕಾಣಗೊಡದ ಹುಣಸೆಮರ. ಸುತ್ತ ಮೂರು ಗಡಿಕಲ್ಲುಗಳು. ಮೂರು ಊರುಗಳ ಹದ್ದು ಅಲ್ಲೇ ಕೂಡುತ್ತಿತ್ತು. ಅಪಘಾತವನ್ನು ಠಾಣೆಗೆ ತಿಳಿಸಬೇಕಾದವನು ಆಯಾ ಊರಿನ ಪೊಲೀಸ್ ಪಾಟೀಲ. ಅವರಲ್ಲೊಬ್ಬರು ಎಲೆಯಡಿಕೆ ಚೀಲ ಬಿಚ್ಚುತ್ತ ಗುಟ್ಟು ಹೇಳಿದರು.

“ನಮ್ಮ ಹದ್ದಿನಾಗ ಬಂಡಿ ಮುರದ್ರ ಪಂಚನಾಮಾ ನಮ್ಮ ಮ್ಯಾಲ್ರಿ. ಊರ ಗಂಡಸರೆಲ್ಲ ಸಾಕ್ಷಿ ಅಂತ ಠಾಣೆದಾಗ ಕುಂತರ ಬಿತ್ತೋರು ಯಾರು? ಅದಕ್ಕ ಬಿದ್ದದ್ದನ್ನ ಜರಾ ಆ ಕಡಿ ದೂಡ್ತೇವಿ.”

“ಆ ಕಡಿಯವರು?”

“ಅವರೇನು ಶಾಣ್ಯಾ ಇಲ್ಲೇನ್ರಿ? ಅವರು ಮತ್ತೊಂದು ಕಡಿ ದೂಡ್ತಾರ!”

ನಾವಿಬ್ಬರೂ ನಕ್ಕೆವು. ಮೂರು ಊರವರು ಸೇರಿ ಒಂದು ಮೋರಿಯನ್ನು ಮೂರು ಪುಟಗಳಿಗೆ ಹಂಚಿಬಿಟ್ಟಿದ್ದರು.

ಊರಿನ ಹೆಸರಿನ ಬದಲು ಮೈಲಿಗಲ್ಲಿನಿಂದ ಎಷ್ಟು ಫರ್ಲಾಂಗ್ ಎಂದು ಬರೆಯುವ ಹೊಸ ಕಾಲಂ ಎಳೆದು, ಎಲ್ಲ ಅಪಘಾತಗಳನ್ನು ಮತ್ತೆ ಜೋಡಿಸಿ ಸಾಹೇಬರ ಮುಂದಿಟ್ಟೆ. ಅವರು ಒಂದು ತಾಸು ನನ್ನೊಡನೆ ಜಗಳವಾಡಿದರು. ಕೊನೆಗೆ, “ನೀ ವಕೀಲ ಆಗಬೇಕಿತ್ತೋ, ನನ್ನ ಜೀವ ಉಳೀತಿತ್ತು,” ಎಂದು ಸಹಿ ಹಾಕಿದರು. ಖಾಜಾಮಿಯಾನ ಲೈಸೆನ್ಸ್ ಉಳಿಯಿತು, ಹುಣಸೆಮರದ ಕೊಂಬೆ ಇಳಿಯಿತು, ಮೋರಿಗೆ ಗಾರೆಯವರು ಬಂದರು. ಅಂಕಿಯನ್ನು ನಂಬುವ ಮೊದಲು, ಅದನ್ನು ಬರೆಸಿದವನು ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದ ಎಂದು ಕೇಳಬೇಕು. ನೌಕರಿ ನನಗೆ ಕಲಿಸಿದ್ದು ಇದು.

ಕಲಿತದ್ದನ್ನು ಅಲ್ಲಿಗೇ ಬಿಡಲಾಗಲಿಲ್ಲ. ಫೈಲು ಕಟ್ಟುವಾಗ, ನಾನೇ ಬರೆದುಕೊಂಡಿದ್ದ ಖಾಜಾಮಿಯಾನ ಹೇಳಿಕೆಯನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟು ಮತ್ತೆ ಓದಿದೆ. ತಾನು ಸಹಾಯಕ್ಕೆಂದು ಊರೊಳಗೆ ಓಡಿದಾಗ ಬಂಡಿಯವನು ಮೋರಿಯ ಈಚೆ, ಎಲೆಯಡಿಕೆಯ ಆ ಪಾಟೀಲರ ಹದ್ದಿನಲ್ಲೇ, ಬಿದ್ದು ನೀರು ಕೇಳುತ್ತಿದ್ದ ಎಂದಿತ್ತು. ರಿಜಿಸ್ಟರಿನಲ್ಲಿ, ಮೋರಿಯ ಆಚೆ ಹೆಣ ಸಿಕ್ಕಿತು ಎಂದಿತ್ತು.

ಮರುದಿನ ಹೋದಾಗ ಅದೇ ಪಾಟೀಲರು ಗಾರೆ ಕೆಲಸ ನೋಡುತ್ತ ನಿಂತಿದ್ದರು. “ಬರ್ರಿ ಬಾಬು, ನಿಮ್ಮ ಮೋರಿ ನೋಡ್ರಿ,” ಎಂದು ನಗುತ್ತ ಕರೆದರು. ನಾನು ಕೇಳಿದೆ:

“ಪಾಟೀಲರ, ಆ ಬಂಡಿಯವನನ್ನ ನೀವು ಎತ್ತಿ ಆ ಕಡಿ ಇಡೋ ಮುಂದ, ಅವಾ ಇನ್ನೂ ಉಸುರಾಡ್ತಿದ್ದನೇನ್ರಿ?”