ವಿಠ್ಠಲವಾಡಿಯಲ್ಲಿ ಒಂದು ಲೋಟ ನೀರು

ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಕುಂದಾಪುರದ ಶಾರದಕ್ಕನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಮರಾಠಿಗರಲ್ಲದ ಹೊರಗಿನವರನ್ನು ಓಡಿಸುವ ಗಲಾಟೆಯಲ್ಲಿ ಅವರ ಗಂಡನನ್ನು ಇದೇ ಬಾಗಿಲಲ್ಲಿ ಕಡಿದು ಕೊಂದಿದ್ದರು. ಆಮೇಲೆ ಸರ್ಕಾರ ಆ ಕೇಸುಗಳನ್ನೆಲ್ಲ ವಾಪಸ್ ಪಡೆಯಿತು. ನಿನ್ನೆಯೂ ಅಕ್ಕ ಕೇಸು ಮತ್ತೆ ತೆರೆಯಿರಿ ಎಂಬ ಅರ್ಜಿ ಹಿಡಿದು ಬೇಲಾಪುರದ ಸರ್ಕಾರಿ ಆಫೀಸಿಗೆ ಹೋಗಿದ್ದರು.

"ಎಲ್ಲ ಮಾಫ್ ಆಗಿದೆ, ಇನ್ನು ಬರಬೇಡಿ ಅಂದ್ರು. ನನ್ನ ಹತ್ರ ಯಾರು ಕೇಳಿದ್ದು?"

ಅಷ್ಟರಲ್ಲಿ ಒಬ್ಬ ಬಂದು ಕೂತ. ಅಕ್ಕ ಎದ್ದುಹೋಗಿ ಅವನ ಮುಂದೆ ನೀರಿಟ್ಟು ಬಂದರು.

"ನಮ್ಮ ಯಜಮಾನರನ್ನು ಕಡಿದವ ಅವನೇ," ಎಂದರು.

ನಾನು ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿದೆ. "ಮತ್ತೆ ನೀರು ಯಾಕೆ ಕೊಟ್ರಿ?"

"ಯಾರೇ ಬರಲಿ, ಮೊದಲು ನೀರಿಡ್ಬೇಕು, ಆಮೇಲೆ ಎಂತ ಬೇಕು ಕೇಳ್ಬೇಕು. ಯಜಮಾನರೇ ಕಲಿಸಿದ್ದು. ಆ ದಿನವೂ ಗಿರಾಕಿ ಅಂತ ನೀರು ಹಿಡ್ಕೊಂಡೇ ಬಾಗಿಲಿಗೆ ಹೋದದ್ದು."

ಅವನು ಲೋಟ ಖಾಲಿ ಮಾಡಿ ಮುಂದೆ ಚಾಚಿ, ಸ್ವಂತ ಅತ್ತಿಗೆಯನ್ನು ಕರೆದಂತೆ ಮರಾಠಿಯಲ್ಲಿ "ವಹಿನಿ" ಎಂದು ಕರೆದ.

ಅಕ್ಕ ನೀರಿನ ಜಗ್ ಎತ್ತಿಕೊಂಡು ಅವನ ಮೇಜಿಗೆ ಹೋದರು.